ದನದ ಸಂತೆಯಲ್ಲಿ ನಡೆದ ಯುದ್ಧ

1932ರ ಜುಲೈ 15ರಂದು ಬ್ರಿಟನ್ನಿನ ಬಂದರುಗಳಲ್ಲಿ ಹೊಸ ಸುಂಕವೊಂದು ಜಾರಿಗೆ ಬಂತು. ಐರ್ಲೆಂಡಿನಿಂದ ಹಡಗೇರಿ ಬರುವ ದನ, ಕುರಿ, ಹಂದಿ, ಬೆಣ್ಣೆ, ಮೊಟ್ಟೆ, ಮಾಂಸ ಎಲ್ಲದಕ್ಕೂ ಬೆಲೆಯ ಮೇಲೆ ನೂರಕ್ಕೆ 20ರಂತೆ ಸುಂಕ ಕಟ್ಟಬೇಕು. ಕಾಗದದ ಮೇಲೆ ಇದಕ್ಕಿದ್ದ ಕಾರಣ ಒಂದು ಬಾಕಿ ಸಾಲ. ಲಂಡನ್ನಿನ ಮಂತ್ರಿಗಳ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ನಾಲ್ಕು ತಿಂಗಳ ಹಿಂದಷ್ಟೇ ಡಬ್ಲಿನ್ನಿನಲ್ಲಿ ಅಧಿಕಾರ ಹಿಡಿದಿದ್ದ ಈಮನ್ ಡಿ ವಲೇರಾ ಅವರ ಸರ್ಕಾರ ಈ ಏಟಿಗೆ ಬಹಳ ದಿನ ನಿಲ್ಲಲಾರದು ಎಂದು ಅವರು ನಂಬಿದ್ದರು. ನಂಬುವುದಕ್ಕೆ ಆಧಾರವೂ ಇತ್ತು. ಐರ್ಲೆಂಡ್ ಹೊರಗೆ ಮಾರುತ್ತಿದ್ದ ಸರಕಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಕೊಳ್ಳುತ್ತಿದ್ದದ್ದು ಬ್ರಿಟನ್ ಒಂದೇ. ಇರುವ ಒಬ್ಬನೇ ಗಿರಾಕಿ ಬಾಗಿಲು ಹಾಕಿಕೊಂಡರೆ ವ್ಯಾಪಾರಿ ಎಷ್ಟು ದಿನ ಅಂಗಡಿ ತೆರೆದಿಟ್ಟಾನು?

ಆ ಅಂಗಡಿ ಆರು ವರ್ಷ ತೆರೆದೇ ಇತ್ತು. 1932ರಿಂದ 1938ರವರೆಗೆ ಎರಡು ನೆರೆಯ ದೇಶಗಳ ನಡುವೆ ನಡೆದ ಈ ಸುಂಕದ ಜಗಳಕ್ಕೆ ಐರಿಷ್ ಜನ ‘ಆರ್ಥಿಕ ಯುದ್ಧ’ ಎಂದೇ ಹೆಸರಿಟ್ಟರು.

ಜಗಳದ ಬೇರು ಜಮೀನಿನಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನಲ್ಲಿ ಭೂಮಿ ಧನಿಗಳದ್ದು, ಬೇಸಾಯ ಗೇಣಿದಾರರದ್ದು. ಎಷ್ಟೋ ಮಂದಿ ಧನಿಗಳು ತಮ್ಮ ಭೂಮಿಯ ಮುಖವನ್ನೂ ನೋಡದೆ ಇಂಗ್ಲೆಂಡಿನಲ್ಲೇ ಕುಳಿತು ಗೇಣಿ ಪಡೆಯುತ್ತಿದ್ದರು. 1845ರ ನಂತರದ ಮಹಾಕ್ಷಾಮದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಹೋಗಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1879ರಲ್ಲಿ ಮೈಕೆಲ್ ಡೇವಿಟ್ ಕಟ್ಟಿದ, ಚಾರ್ಲ್ಸ್ ಪಾರ್ನೆಲ್ ಮುಂದಾಳುತನದ ಲ್ಯಾಂಡ್ ಲೀಗ್ ಗೇಣಿದಾರರನ್ನು ಒಗ್ಗೂಡಿಸಿತು. ಆ ಹೋರಾಟದ ಬಿಸಿಗೆ ಮಣಿದ ಬ್ರಿಟಿಷ್ ಸಂಸತ್ತು ಒಂದರ ಹಿಂದೊಂದು ಭೂ ಕಾಯಿದೆಗಳನ್ನು ತಂದಿತು. ಅವುಗಳಲ್ಲಿ ದೊಡ್ಡದು 1903ರ ವಿಂಡಮ್ ಕಾಯಿದೆ. ಧನಿಗೆ ಕೊಡಬೇಕಾದ ಪೂರ್ತಿ ಬೆಲೆಯನ್ನು ಸರ್ಕಾರವೇ ಸಾಲವಾಗಿ ಕೊಡುತ್ತದೆ, ಉಳುವವನು ಒಡೆಯನಾಗುತ್ತಾನೆ, ಸಾಲವನ್ನು ಅರವತ್ತೆಂಟೂವರೆ ವರ್ಷ ಕಂತಿನಲ್ಲಿ ತೀರಿಸುತ್ತಾನೆ. ತಾತ ಕೊಂಡ ಹೊಲದ ಕಂತನ್ನು ಮೊಮ್ಮಗ ಕಟ್ಟುವ ಏರ್ಪಾಡು ಅದು.

1922ರಲ್ಲಿ ಐರ್ಲೆಂಡಿನ 26 ಕೌಂಟಿಗಳು ‘ಐರಿಷ್ ಫ್ರೀ ಸ್ಟೇಟ್’ ಎಂಬ ಹೆಸರಿನಲ್ಲಿ ಸಾಮ್ರಾಜ್ಯದೊಳಗಿನ ಸ್ವಯಮಾಡಳಿತದ ದೇಶವಾದವು. ಆದರೆ ಕಂತು ನಿಲ್ಲಲಿಲ್ಲ. ರೈತರಿಂದ ವಸೂಲು ಮಾಡಿ ವರ್ಷಕ್ಕೆ ಸುಮಾರು 30 ಲಕ್ಷ ಪೌಂಡನ್ನು ಲಂಡನ್ನಿಗೆ ಕಳಿಸಲು ಡಬ್ಲಿನ್ನಿನ ಡಬ್ಲ್ಯು. ಟಿ. ಕಾಸ್‌ಗ್ರೇವ್ ಸರ್ಕಾರ ಒಪ್ಪಿತ್ತು. 1923 ಮತ್ತು 1926ರಲ್ಲಿ ಆದ ಆ ಒಪ್ಪಂದಗಳನ್ನು ಐರಿಷ್ ಸಂಸತ್ತಿನ ಮುಂದಿಟ್ಟು ಮಂಜೂರು ಮಾಡಿಸಿಕೊಂಡಿರಲಿಲ್ಲ. ಡಿ ವಲೇರಾ ಹಿಡಿದದ್ದು ಈ ಎಳೆಯನ್ನೇ.

ಡಿ ವಲೇರಾ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಲಿಮೆರಿಕ್ ಸೀಮೆಯ ಹಳ್ಳಿಯಲ್ಲಿ, ಓದಿಸುತ್ತಿದ್ದದ್ದು ಗಣಿತ. ಬ್ರಿಟಿಷರ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಸೇರಿ ಮರಣದಂಡನೆಯ ತೀರ್ಪು ಪಡೆದು, ಆಮೇಲೆ ಅದು ಸೆರೆವಾಸಕ್ಕೆ ಇಳಿದು ಬದುಕಿಕೊಂಡವರು. ಫ್ರೀ ಸ್ಟೇಟ್ ಹುಟ್ಟಿಗೆ ಕಾರಣವಾದ 1921ರ ಆಂಗ್ಲೋ-ಐರಿಷ್ ಒಪ್ಪಂದವನ್ನು ಅವರು ಒಪ್ಪಲಿಲ್ಲ. ಅದರ ಪರ-ವಿರೋಧದ ಅಂತರ್ಯುದ್ಧದಲ್ಲಿ ಅವರ ಕಡೆಯವರು ಸೋತರು. 1926ರಲ್ಲಿ ಅವರು ಫಿಯಾನಾ ಫಾಲ್ ಪಕ್ಷ ಕಟ್ಟಿದರು. 1932ರ ಫೆಬ್ರುವರಿ ಚುನಾವಣೆಯಲ್ಲಿ ಆ ಪಕ್ಷ 153ರಲ್ಲಿ 72 ಸ್ಥಾನ ಗೆದ್ದು, ಲೇಬರ್ ಪಕ್ಷದ ಬೆಂಬಲದಿಂದ ಸರ್ಕಾರ ರಚಿಸಿತು. ಅದರ ಎರಡು ಮುಖ್ಯ ಭರವಸೆಗಳು ಇವು: ಸಂಸತ್ ಸದಸ್ಯರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡುವ ಪದ್ಧತಿಯನ್ನು ತೆಗೆದುಹಾಕುವುದು, ಜಮೀನಿನ ಕಂತನ್ನು ಲಂಡನ್ನಿಗೆ ಕಳಿಸದಿರುವುದು.

ಈ ಎರಡೂ ಒಟ್ಟಿಗೆ ಬಂದದ್ದರಿಂದಲೇ ಜಗಳ ಬಿಗಡಾಯಿಸಿತು. ಬರೀ ಹಣದ ಮಾತಾಗಿದ್ದರೆ ಲೆಕ್ಕಿಗರು ಕೂತು ಬಗೆಹರಿಸಬಹುದಿತ್ತು. ಪ್ರಮಾಣವಚನವೂ ಸೇರಿಕೊಂಡಾಗ ಲಂಡನ್ನಿಗೆ ಇದು ಸಾಮ್ರಾಜ್ಯದ ಕಟ್ಟೇ ಸಡಿಲವಾಗುವ ಸಂಗತಿಯಾಗಿ ಕಂಡಿತು. ಭಾರತದ ಭವಿಷ್ಯದ ಬಗ್ಗೆ ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತುಗಳು ನಡೆಯುತ್ತಿದ್ದ ಕಾಲ ಅದು. ಐರ್ಲೆಂಡಿಗೆ ಬಗ್ಗಿದರೆ ನಾಳೆ ಇನ್ನಾರಿಗೆ ಬಗ್ಗಬೇಕಾದೀತೋ ಎಂಬ ಅಳುಕು ಬ್ರಿಟಿಷ್ ಮಂತ್ರಿಗಳಿಗಿತ್ತು. ಐರ್ಲೆಂಡಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಡೊಮಿನಿಯನ್ ಖಾತೆಯ ಮಂತ್ರಿ ಜೆ. ಎಚ್. ಥಾಮಸ್, ರೈಲ್ವೆ ಕಾರ್ಮಿಕರ ಸಂಘದಿಂದ ಮೇಲೆ ಬಂದವರು, ಚೌಕಾಸಿ ಬಲ್ಲವರು. ಆದರೆ ಚೌಕಾಸಿಗೆ ಎರಡು ಕಡೆಯವರೂ ಒಂದೇ ಸರಕಿನ ಮಾತಾಡಬೇಕು. ಇಲ್ಲಿ ಒಬ್ಬರು ಸಾಲಪತ್ರದ ಮಾತಾಡಿದರೆ ಇನ್ನೊಬ್ಬರು ಶತಮಾನಗಳ ಹಿಂದೆ ಕಸಿದುಕೊಂಡ ಭೂಮಿಯ ಮಾತಾಡಿದರು. ಪಂಚಾಯಿತಿಗೆ ಒಪ್ಪಿಸೋಣ ಎಂಬಷ್ಟಕ್ಕೆ ಇಬ್ಬರೂ ಬಂದರು. ಪಂಚರು ಸಾಮ್ರಾಜ್ಯದೊಳಗಿನವರೇ ಆಗಿರಬೇಕು ಎಂದು ಲಂಡನ್ ಹಟ ಹಿಡಿಯಿತು. ಹೊರಗಿನವರೂ ಇರಬೇಕು ಎಂದು ಡಬ್ಲಿನ್ ಹಟ ಹಿಡಿಯಿತು. ಮಾತುಕತೆ ಅಲ್ಲಿಗೇ ಮುರಿಯಿತು.

ಜುಲೈ ಮೊದಲ ದಿನದ ಕಂತು ಲಂಡನ್ನಿಗೆ ತಲುಪಲಿಲ್ಲ. ಹತ್ತೇ ದಿನದಲ್ಲಿ ಬ್ರಿಟಿಷ್ ಸಂಸತ್ತು ಐರ್ಲೆಂಡಿಗೆಂದೇ ವಿಶೇಷ ಸುಂಕದ ಕಾಯಿದೆ ಮಾಡಿ ಮುಗಿಸಿತು. ಬಾಕಿ ಹಣವನ್ನು ಬಂದರಿನಲ್ಲೇ ವಸೂಲು ಮಾಡಿಕೊಳ್ಳುವುದು ಅದರ ಉದ್ದೇಶ. ಆಗ ಬ್ರಿಟನ್ನಿನ ಖಜಾನೆ ಮಂತ್ರಿಯಾಗಿದ್ದವರು ನೆವಿಲ್ ಚೇಂಬರ್ಲಿನ್. ಹಲವು ದಶಕಗಳ ಮುಕ್ತ ವ್ಯಾಪಾರದ ನೀತಿಯನ್ನು ಅದೇ ವರ್ಷದ ಆರಂಭದಲ್ಲಿ ಕೈಬಿಟ್ಟು ಆಮದು ಸುಂಕ ತಂದವರೂ ಅವರೇ. ಐರ್ಲೆಂಡ್ ಸುಮ್ಮನಿರಲಿಲ್ಲ. ಅದೇ ತಿಂಗಳು ತುರ್ತು ಕಾಯಿದೆಯೊಂದನ್ನು ತಂದು ಬ್ರಿಟನ್ನಿನ ಕಲ್ಲಿದ್ದಲು, ಸಿಮೆಂಟ್, ಕಬ್ಬಿಣ, ಉಕ್ಕು, ವಿದ್ಯುತ್ ಯಂತ್ರಗಳ ಮೇಲೆ ಸುಂಕ ಹೇರಿತು. ಕಲ್ಲಿದ್ದಲಿಗೆ ಟನ್ನಿಗೆ 5 ಶಿಲಿಂಗ್. ಇಂಗ್ಲೆಂಡಿನ ಕಲ್ಲಿದ್ದಲೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬೆಂಕಿಗೆ ಹಾಕಿ ಎಂಬ ಜೊನಾಥನ್ ಸ್ವಿಫ್ಟ್ ಕಾಲದ ಹಳೆಯ ಘೋಷಣೆ ಮತ್ತೆ ಕೇಳಿಬಂತು. ಈ ಬಾರಿ ಕಲ್ಲಿದ್ದಲಿಗೂ ವಿನಾಯಿತಿ ಇರಲಿಲ್ಲ. ಜರ್ಮನಿ ಮತ್ತು ಪೋಲೆಂಡಿನ ಕಲ್ಲಿದ್ದಲು ಡಬ್ಲಿನ್ ಬಂದರಿಗೆ ಬರತೊಡಗಿತು. ಉಗ್ರ ಗಣತಂತ್ರವಾದಿಗಳು ‘ಬ್ರಿಟಿಷ್ ಮಾಲು ಬಹಿಷ್ಕರಿಸಿ’ ಎಂದು ಬೀದಿಗಿಳಿದು, ಇಂಗ್ಲೆಂಡಿನ ಬಾಸ್ ಕಂಪನಿಯ ಬಿಯರ್ ಇಟ್ಟಿದ್ದ ಮದ್ಯದಂಗಡಿಗಳಿಗೆ ನುಗ್ಗಿ ಬಾಟಲಿ ಒಡೆದರು.

ಇಷ್ಟೆಲ್ಲ ಆಗುತ್ತಿದ್ದರೂ ಐರಿಷ್ ಪೌಂಡು ಬ್ರಿಟಿಷ್ ಪೌಂಡಿಗೆ ಸರಿಸಮನಾಗಿಯೇ ಉಳಿಯಿತು. ಜನರ ಓಡಾಟಕ್ಕೂ ತಡೆ ಇರಲಿಲ್ಲ. ಅಮೆರಿಕದ ಬಾಗಿಲು ಮುಚ್ಚಿದ್ದರಿಂದ ಕೆಲಸ ಹುಡುಕುವ ಐರಿಷ್ ಯುವಕ ಯುವತಿಯರು ಲಿವರ್‌ಪೂಲ್, ಲಂಡನ್‌ಗಳಿಗೇ ಹೋದರು. ದನಕ್ಕೆ ಸುಂಕವಿತ್ತು, ದನ ಕಾಯುವವನಿಗೆ ಇರಲಿಲ್ಲ.

ಸುಂಕದ ಏಟು ಮೊದಲು ಬಿದ್ದದ್ದು ದನದ ಸಂತೆಗೆ. ಐರ್ಲೆಂಡಿನ ಹುಲ್ಲುಗಾವಲಿನಲ್ಲಿ ಬೆಳೆದ ಎಳೆಯ ದನಗಳನ್ನು ಇಂಗ್ಲೆಂಡಿನ ರೈತರು ಕೊಂಡು, ಕೊಬ್ಬಿಸಿ, ಕಸಾಯಿಖಾನೆಗೆ ಮಾರುವುದು ಹಳೆಯ ವಹಿವಾಟು. 1932ರ ಕೊನೆಗೆ ಜಾನುವಾರಿನ ಸುಂಕ ಇನ್ನೂ ಏರಿತು. 1934ರ ಆರಂಭದಿಂದ ಸುಂಕದ ಜೊತೆಗೆ ಸಂಖ್ಯೆಗೂ ಮಿತಿ ಬಂತು. ಎರಡು ವರ್ಷ ದಾಟಿದ ದನವೊಂದಕ್ಕೆ 6 ಪೌಂಡ್ ಸುಂಕ ಕಟ್ಟಬೇಕಾಗಿತ್ತು. ಸಂತೆಯಲ್ಲಿ ದನ ನಿಂತೇ ಇತ್ತು, ಕೇಳುವವರಿರಲಿಲ್ಲ. ಇದು ಜಗತ್ತಿನ ಆರ್ಥಿಕ ಕುಸಿತದ ಕಾಲವೂ ಹೌದು. ಬೆಲೆ ಮೊದಲೇ ಇಳಿಯುತ್ತಿತ್ತು, ಸುಂಕ ಅದನ್ನು ನೆಲಕ್ಕೆ ಕೆಡವಿತು. 1931ರಲ್ಲಿ ಸುಮಾರು 3.6 ಕೋಟಿ ಪೌಂಡ್ ಇದ್ದ ಐರಿಷ್ ರಫ್ತು 1934ರ ಹೊತ್ತಿಗೆ ಅದರ ಅರ್ಧಕ್ಕೆ ಬಂತು.

ಮಾರಲಾಗದ ದನಗಳಿಗೆ ಮೇವು ಹಾಕುವವರಾರು? ಹುಟ್ಟಿದ ಕರುಗಳನ್ನು ಕೊಂದು ಚರ್ಮ ತಂದು ಒಪ್ಪಿಸಿದರೆ ತಲಾ 10 ಶಿಲಿಂಗ್ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ಲಕ್ಷಗಟ್ಟಲೆ ಕರುಗಳು ಹೀಗೆ ಸತ್ತವು. ಆ ಕಾಲವನ್ನು ಕಂಡ ಐರಿಷ್ ಹಳ್ಳಿಗರು ಬೇರೆಲ್ಲ ಮರೆತರೂ ಇದನ್ನು ಮರೆಯಲಿಲ್ಲ. ನಿರುದ್ಯೋಗಿಗಳಿಗೂ ಬಡವರಿಗೂ ಪುಕ್ಕಟೆ ದನದ ಮಾಂಸ ಹಂಚುವ ಯೋಜನೆ 1934ರಲ್ಲಿ ಬಂತು. ಬ್ರಿಟನ್ನಿನ ಕೈಯಲ್ಲೇ ಉಳಿದಿದ್ದ ಉತ್ತರ ಐರ್ಲೆಂಡಿನ ಗಡಿಯಲ್ಲಿ ರಾತ್ರೋರಾತ್ರಿ ದನ ದಾಟಿಸುವ ಕಳ್ಳವ್ಯಾಪಾರ ಬೆಳೆಯಿತು.

ರೈತನ ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಯುದ್ಧದ ವಿಚಿತ್ರ ಗೊತ್ತಾಗುತ್ತದೆ. ಲಂಡನ್ನಿಗೆ ಹಣ ಹೋಗುವುದು ನಿಂತಿತೇ ಹೊರತು ರೈತ ಕಂತು ಕಟ್ಟುವುದು ನಿಲ್ಲಲಿಲ್ಲ. 1933ರ ಭೂ ಕಾಯಿದೆಯ ಪ್ರಕಾರ ಕಂತನ್ನು ಅರ್ಧಕ್ಕೆ ಇಳಿಸಿದ ಡಬ್ಲಿನ್ ಸರ್ಕಾರ ಆ ಅರ್ಧವನ್ನು ತನ್ನ ಖಜಾನೆಗೆ ತುಂಬಿಕೊಳ್ಳುತ್ತಿತ್ತು. ಇತ್ತ ಬಂದರಿನಲ್ಲಿ ಅದೇ ರೈತನ ದನದ ಬೆಲೆಯಿಂದ ಬ್ರಿಟನ್ ಬಾಕಿಯನ್ನು ಮುರಿದುಕೊಳ್ಳುತ್ತಿತ್ತು. ಒಂದೇ ಸಾಲಕ್ಕೆ ಎರಡು ಕಡೆ ವಸೂಲಿ. ರಫ್ತು ಪೂರ್ತಿ ನಿಲ್ಲದಿರಲೆಂದು ಡಬ್ಲಿನ್ ರಫ್ತುದಾರರಿಗೆ ಸಹಾಯಧನ ಕೊಟ್ಟಿತು, ಅದೂ ಸುತ್ತಿ ಬಳಸಿ ಸುಂಕವಾಗಿ ಲಂಡನ್ ಸೇರಿತು. ಕೊನೆಗೆ ಕೂಡಿ ಕಳೆದಾಗ, ಐರ್ಲೆಂಡ್ ತಡೆಹಿಡಿದ ಮೊತ್ತದ ಬಹುಪಾಲನ್ನು ಬ್ರಿಟನ್ ಸುಂಕದಿಂದಲೇ ತುಂಬಿಕೊಂಡಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ನಮ್ಮ ಗಾದೆ ಐರಿಷ್ ರೈತನಿಗೆ ಎರಡು ಸುಂಕದ ಕಟ್ಟೆಗಳಲ್ಲಿ ನಿಜವಾಯಿತು.

ಹಣದ ಲೆಕ್ಕದಲ್ಲಿ ಬ್ರಿಟನ್ ಗೆದ್ದಿತ್ತು. ರಾಜಕೀಯದ ಲೆಕ್ಕ ತಿರುವುಮುರುವಾಯಿತು.

1933ರ ಜನವರಿಯ ಆರಂಭದಲ್ಲಿ, ಅಧಿಕಾರಕ್ಕೆ ಬಂದು ವರ್ಷವೂ ತುಂಬದಿರುವಾಗ, ಡಿ ವಲೇರಾ ಯಾರೂ ಎಣಿಸದ ಹೊತ್ತಿನಲ್ಲಿ ಚುನಾವಣೆ ಘೋಷಿಸಿದರು. ತಾವು ಗೆದ್ದರೆ ಬ್ರಿಟನ್ನಿನೊಂದಿಗೆ ರಾಜಿ ಮಾಡಿಕೊಂಡು ಜಗಳ ಮುಗಿಸುತ್ತೇವೆ ಎಂದು ಕಾಸ್‌ಗ್ರೇವ್ ಹೇಳಿದರು. ಇದು ಜಾಣತನದ ಮಾತೇ ಆಗಿತ್ತು, ಆದರೆ ಹೊರಗಿನವರ ಏಟಿಗೆ ಹೆದರಿದವರ ಮಾತಿನಂತೆ ಕೇಳಿಸಿತು. ಜನವರಿ 24ರ ಮತದಾನದಲ್ಲಿ ಫಿಯಾನಾ ಫಾಲ್ 72ರಿಂದ 77 ಸ್ಥಾನಕ್ಕೆ ಏರಿ ತನ್ನದೇ ಬಹುಮತ ಪಡೆಯಿತು. ಕಾಸ್‌ಗ್ರೇವ್ ಪಕ್ಷ 57ರಿಂದ 48ಕ್ಕೆ ಕುಸಿಯಿತು. ಯಾರನ್ನು ಕೆಡವಲೆಂದು ಸುಂಕ ಹಾಕಿದ್ದರೋ ಅವರನ್ನು ಆ ಸುಂಕವೇ ಎತ್ತಿ ನಿಲ್ಲಿಸಿತು.

ಜನ ಬರೀ ಅಭಿಮಾನಕ್ಕೆ ಮತ ಹಾಕಿದರು ಎನ್ನುವುದೂ ಪೂರ್ತಿ ನಿಜವಲ್ಲ. ಏಟು ಎಲ್ಲರಿಗೂ ಸಮವಾಗಿ ಬಿದ್ದಿರಲಿಲ್ಲ. ಮೀತ್, ಲಿಮೆರಿಕ್‌ನಂಥ ಕಡೆ ನೂರಾರು ಎಕರೆ ಹುಲ್ಲುಗಾವಲಿನ ದೊಡ್ಡ ದನಗಾರ ರೈತರು ಕುಸಿದರು. ಪಶ್ಚಿಮದ ಸಣ್ಣ ಹಿಡುವಳಿದಾರರಿಗೂ ನಷ್ಟವಾಯಿತು, ಆದರೆ ಅವರಿಗೆ ಅರ್ಧ ಕಂತಿನ ವಿನಾಯಿತಿ, ನಿರುದ್ಯೋಗ ಭತ್ಯೆ, ಸರ್ಕಾರ ಕಟ್ಟಿಸಿದ ಮನೆಗಳು ಸಿಕ್ಕವು. ಪಟ್ಟಣದ ಕೂಲಿಯವನಿಗೆ ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕೈಗಾರಿಕಾ ಮಂತ್ರಿ ಶಾನ್ ಲೆಮಾಸ್ ಯುದ್ಧದ ಹೆಸರಿನಲ್ಲಿ ತಮ್ಮ ಪಕ್ಷದ ಹಳೆಯ ಕನಸನ್ನು ನನಸು ಮಾಡಿಕೊಳ್ಳುತ್ತಿದ್ದರು: ದೇಶಕ್ಕೆ ಬೇಕಾದ ಜೋಡು, ಬಟ್ಟೆ, ಸಕ್ಕರೆ, ಸಿಮೆಂಟು ದೇಶದಲ್ಲೇ ಆಗಬೇಕು, ಕಾರ್ಖಾನೆ ಐರಿಷರ ಕೈಯಲ್ಲೇ ಇರಬೇಕು. ನಮ್ಮ ಸ್ವದೇಶಿ ಚಳವಳಿಯನ್ನು ಬಲ್ಲವರಿಗೆ ಇದು ಹೊಸ ರಾಗವಲ್ಲ. 1933ರಲ್ಲಿ ಸರ್ಕಾರವೇ ಸಕ್ಕರೆ ಕಂಪನಿ ಸ್ಥಾಪಿಸಿ ಮ್ಯಾಲೊ, ಥರ್ಲ್ಸ್, ಟ್ಯೂಅಮ್ ಊರುಗಳಲ್ಲಿ ಬೀಟ್ ಸಕ್ಕರೆ ಕಾರ್ಖಾನೆ ಕಟ್ಟಿತು. 1931ರಲ್ಲಿ ಸುಮಾರು 21 ಸಾವಿರ ಎಕರೆ ಇದ್ದ ಗೋಧಿ ಬೆಳೆ 1936ಕ್ಕೆ ಎರಡೂವರೆ ಲಕ್ಷ ಎಕರೆ ದಾಟಿತು. ಇದಕ್ಕೆ ತದ್ವಿರುದ್ಧವಾದ ಫಲವೂ ಉಂಟು. ಡಬ್ಲಿನ್ನಿನ ಹೆಸರಾಂತ ಗಿನ್ನೆಸ್ ಕಂಪನಿ ಸುಂಕದ ಗೋಡೆಯ ಆಚೆಯೂ ಒಂದು ಕಾಲಿಟ್ಟುಕೊಳ್ಳಲು 1936ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ತನ್ನದೇ ಭಟ್ಟಿಯನ್ನು ತೆರೆಯಿತು.

ಸೋತವರ ಸಿಟ್ಟು ಬೇರೆ ದಾರಿ ಹಿಡಿಯಿತು. 1932ರಲ್ಲಿ ನಿವೃತ್ತ ಸೈನಿಕರ ಸಂಘವೊಂದು ಹುಟ್ಟಿಕೊಂಡಿತ್ತು. ಮುಂದಿನ ವರ್ಷ ಅದರ ಸದಸ್ಯರು ನೀಲಿ ಅಂಗಿಯ ಸಮವಸ್ತ್ರ ತೊಟ್ಟು ಬೀದಿಗಿಳಿದರು. ಡಿ ವಲೇರಾ ಪೊಲೀಸ್ ಮುಖ್ಯಸ್ಥನ ಹುದ್ದೆಯಿಂದ ತೆಗೆದಿದ್ದ ಇಯೊನ್ ಓ ಡಫಿ 1933ರ ಜುಲೈನಲ್ಲಿ ಇವರ ನಾಯಕರಾದರು. ಇಟಲಿಯಲ್ಲಿ ಕಪ್ಪಂಗಿ, ಜರ್ಮನಿಯಲ್ಲಿ ಕಂದಂಗಿ ಮೆರೆಯುತ್ತಿದ್ದ ಕಾಲದಲ್ಲಿ ನೀಲಿ ಅಂಗಿಯ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಿದ್ಧಾಂತ ನಾಯಕರದ್ದಾದರೂ ಹಿಂದೆ ನಿಂತ ಗುಂಪಿನಲ್ಲಿ ಬಹಳಷ್ಟು ಜನ ದನ ಮಾರಲಾಗದೆ ಕಂಗೆಟ್ಟ ರೈತರ ಮಕ್ಕಳು. ಅದೇ ಸೆಪ್ಟೆಂಬರಿನಲ್ಲಿ ಕಾಸ್‌ಗ್ರೇವ್ ಪಕ್ಷ, ರೈತರ ಸೆಂಟರ್ ಪಕ್ಷ ಮತ್ತು ನೀಲಿ ಅಂಗಿಯವರು ಕೂಡಿ ಫಿನ ಗೇಲ್ ಎಂಬ ಹೊಸ ಪಕ್ಷ ಕಟ್ಟಿದರು. ಓ ಡಫಿಯೇ ಅದರ ಮೊದಲ ಅಧ್ಯಕ್ಷರು.

ದೊಡ್ಡ ರೈತರು ಸ್ಥಳೀಯ ತೆರಿಗೆಯನ್ನೂ ಕಂತನ್ನೂ ಕಟ್ಟುವುದಿಲ್ಲ ಎಂದರು. ಸರ್ಕಾರ ಅವರ ದನಗಳನ್ನು ಜಫ್ತಿ ಮಾಡಿ ಹರಾಜು ಹಾಕಿತು. ಊರಿನವರಾರೂ ಕೂಗದ ಹರಾಜಿನಲ್ಲಿ ಹೆಸರು ಮರೆಸಿಕೊಂಡ ಹೊರಗಿನ ಖರೀದಿದಾರರು ಪೊಲೀಸ್ ಕಾವಲಿನಲ್ಲಿ ಬಂದು ಅಗ್ಗಕ್ಕೆ ದನ ಹೊಡೆದುಕೊಂಡು ಹೋದರು. ಪ್ರತಿಭಟನಕಾರರು ಮರ ಕಡಿದು ರಸ್ತೆಗೆ ಅಡ್ಡ ಕೆಡವಿದರು, ಟೆಲಿಗ್ರಾಫ್ ತಂತಿ ಕತ್ತರಿಸಿದರು. ಅದೇ ವರ್ಷಗಳಲ್ಲಿ ನಮ್ಮ ಅಂಕೋಲಾ, ಸಿದ್ದಾಪುರಗಳ ರೈತರೂ ಕರನಿರಾಕರಣೆ ಮಾಡಿ ಹೊಲಮನೆಗಳನ್ನು ಜಫ್ತಿಗೆ ಒಡ್ಡಿಕೊಂಡಿದ್ದರು. ಅವರೆದುರು ಇದ್ದದ್ದು ಪರಕೀಯ ಸರ್ಕಾರ. ಐರಿಷ್ ರೈತನ ದನವನ್ನು ಹಿಡಿದೊಯ್ದದ್ದು ಅವನದೇ ದೇಶದ, ಸ್ವಾತಂತ್ರ್ಯದ ಹೆಸರಿನಲ್ಲಿ ಗೆದ್ದುಬಂದ ಸರ್ಕಾರ.

1934ರ ಆಗಸ್ಟ್ 13ರಂದು ಕಾರ್ಕ್ ನಗರದ ಮಾರ್ಷ್ ಯಾರ್ಡ್ ಎಂಬಲ್ಲಿ ಇಂಥದೊಂದು ಹರಾಜು ನಡೆಯುತ್ತಿದ್ದಾಗ ಪ್ರತಿಭಟನಕಾರರನ್ನು ತುಂಬಿಕೊಂಡ ಲಾರಿಯೊಂದು ಗೇಟನ್ನು ಗುದ್ದಿ ಒಳನುಗ್ಗಿತು. ಪೊಲೀಸರು ಗುಂಡು ಹಾರಿಸಿದರು. ಯುವಕನೊಬ್ಬ ಸತ್ತ. ಆ ಗುಂಡು ಹಾರಿಸುವ ಅಗತ್ಯವಿರಲಿಲ್ಲವೆಂದು ಮುಂದೆ ನ್ಯಾಯಾಲಯವೇ ಹೇಳಿತು. ಆದರೆ ನೀಲಿ ಅಂಗಿಯ ಚಳವಳಿ ಅಲ್ಲಿಂದ ಬೆಳೆಯಲಿಲ್ಲ. ಓ ಡಫಿಯ ಬಿರುಸು ಮಾತುಗಳು ಸ್ವಂತ ಪಕ್ಷದವರಿಗೇ ಮುಜುಗರವಾಗಿ, ಮರುತಿಂಗಳೇ ಅವರು ಅಧ್ಯಕ್ಷ ಸ್ಥಾನ ಬಿಟ್ಟರು. ಎರಡು ವರ್ಷದ ನಂತರ ಫ್ರಾಂಕೊ ಪರ ಹೋರಾಡಲು ಸ್ಪೇನಿಗೆ ದಂಡು ಕಟ್ಟಿಕೊಂಡು ಹೋದರು.

ಬ್ರಿಟನ್ನಿನಲ್ಲೂ ಹಟ ಸಡಿಲವಾಗತೊಡಗಿತ್ತು. ಐರಿಷ್ ಮಾರುಕಟ್ಟೆ ಕಳೆದುಕೊಂಡ ಗಣಿ ಮಾಲೀಕರು, ಕೊಬ್ಬಿಸಲು ಎಳೆಯ ದನ ಸಿಗದ ಇಂಗ್ಲಿಷ್ ರೈತರು ಗೊಣಗತೊಡಗಿದರು. 1935ರ ಆರಂಭದಲ್ಲಿ ‘ಕಲ್ಲಿದ್ದಲು–ದನ ಒಪ್ಪಂದ’ ಆಯಿತು. ಐರ್ಲೆಂಡ್ ತನಗೆ ಬೇಕಾದ ಕಲ್ಲಿದ್ದಲನ್ನು ಬ್ರಿಟನ್ನಿನಿಂದ ಕೊಳ್ಳುವುದು, ಬ್ರಿಟನ್ ಐರಿಷ್ ದನಗಳ ಮಿತಿಯನ್ನು ಮೂರನೇ ಒಂದು ಪಾಲು ಹೆಚ್ಚಿಸುವುದು. ಸುಂಕ ಹಾಗೇ ಇತ್ತು, ಸಿದ್ಧಾಂತಗಳೂ ಹಾಗೇ ಇದ್ದವು, ವ್ಯಾಪಾರ ಮಾತ್ರ ಸಂದಿಯಲ್ಲಿ ದಾರಿ ಮಾಡಿಕೊಂಡಿತು. ಅದೇ ವರ್ಷದ ಕೊನೆಗೆ ಥಾಮಸ್ ಜಾಗಕ್ಕೆ ಬಂದ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಮಾತುಕತೆಯ ಮನುಷ್ಯ.

ಈ ಮಧ್ಯೆ ಡಿ ವಲೇರಾ ಪ್ರಮಾಣವಚನವನ್ನು ರದ್ದು ಮಾಡಿದ್ದರು. 1937ರಲ್ಲಿ ಹೊಸ ಸಂವಿಧಾನವನ್ನೇ ಜನಮತಕ್ಕಿಟ್ಟು ಜಾರಿಗೆ ತಂದರು. ಸಾಮ್ರಾಜ್ಯದ ವಿರುದ್ಧ ನಿಂತವರ ಕಣ್ಣು ಆಗ ಡಬ್ಲಿನ್ನಿನ ಮೇಲಿತ್ತು. 1936ರ ಫೆಬ್ರುವರಿಯಲ್ಲಿ ಸುಭಾಷ್‌ಚಂದ್ರ ಬೋಸರು ಅಲ್ಲಿಗೆ ಹೋಗಿ ಡಿ ವಲೇರಾರನ್ನು ಕಂಡು ಬಂದರು.

1938ರ ಜನವರಿಯಲ್ಲಿ ಲಂಡನ್ನಿನಲ್ಲಿ ಮಾತುಕತೆ ಶುರುವಾದಾಗ ಮೇಜಿನ ಆಚೆ ಬದಿಯಲ್ಲಿ ಪ್ರಧಾನಿಯಾಗಿ ಕುಳಿತಿದ್ದವರು ಚೇಂಬರ್ಲಿನ್. ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಯೂರೋಪು ಹೊತ್ತಿಕೊಳ್ಳುವ ಹೊತ್ತಿಗೆ ಬೆನ್ನ ಹಿಂದೆ ಒಬ್ಬ ಮುನಿದ ನೆರೆಯವನಿರುವುದು ಚೇಂಬರ್ಲಿನ್ನರಿಗೆ ಬೇಕಿರಲಿಲ್ಲ. ಏಪ್ರಿಲ್ 25ರಂದು ಸಹಿ ಬಿತ್ತು. 10 ಕೋಟಿ ಪೌಂಡಿಗೂ ಮೀರಿದ ಬ್ರಿಟನ್ನಿನ ಬೇಡಿಕೆ ಒಂದೇ ಗಂಟಿನಲ್ಲಿ 1 ಕೋಟಿ ಪೌಂಡಿಗೆ ತೀರಿತು. ಎರಡೂ ಕಡೆಯ ದಂಡದ ಸುಂಕಗಳು ಹೋದವು. 1921ರ ಒಪ್ಪಂದದಂತೆ ಬ್ರಿಟಿಷ್ ನೌಕಾಪಡೆಯ ಕೈಯಲ್ಲಿ ಉಳಿದಿದ್ದ ಕೋವ್, ಬೆರೆಹೇವನ್, ಲಾಕ್ ಸ್ವಿಲಿ ಎಂಬ ಮೂರು ಬಂದರುಗಳು ಐರ್ಲೆಂಡಿಗೆ ಮರಳಿದವು. ಬಂದರು ಬಿಟ್ಟುಕೊಟ್ಟದ್ದನ್ನು ಚರ್ಚಿಲ್ ಸಂಸತ್ತಿನಲ್ಲಿ ಕಟುವಾಗಿ ಖಂಡಿಸಿದರು. ಮರುವರ್ಷ ಮಹಾಯುದ್ಧ ಶುರುವಾದಾಗ ಐರ್ಲೆಂಡ್ ತಟಸ್ಥವಾಗಿ ಉಳಿಯಲು ಆ ಬಂದರುಗಳು ಕೈಗೆ ಬಂದದ್ದೇ ಆಸರೆಯಾಯಿತು. ದೇಶದ ವಿಭಜನೆಯ ವಿಷಯದಲ್ಲಿ ಮಾತ್ರ ಡಿ ವಲೇರಾ ಬರಿಗೈಯಲ್ಲಿ ಬಂದರು.

ಒಪ್ಪಂದವಾಗಿ ಎರಡು ತಿಂಗಳೊಳಗೆ ಅವರು ಮತ್ತೆ ಜನರ ಮುಂದೆ ಹೋದರು. ಜೂನ್ ಚುನಾವಣೆಯಲ್ಲಿ 138ರಲ್ಲಿ 77 ಸ್ಥಾನ, ಚಲಾಯಿತ ಮತಗಳಲ್ಲಿ ಅರ್ಧಕ್ಕೂ ಹೆಚ್ಚು ಅವರ ಪಕ್ಷಕ್ಕೆ ಬಂತು.

ಹಾಗಾದರೆ ಈ ಯುದ್ಧದಲ್ಲಿ ಗೆದ್ದವರಾರು? ಡಿ ವಲೇರಾ ಗೆದ್ದರು, ಸಂಶಯವಿಲ್ಲ. ಆದರೆ ಅವರ ಅರ್ಥನೀತಿ ಗೆಲ್ಲಲಿಲ್ಲ. ಜಗಳ ಮುಗಿದಾಗಲೂ ಐರಿಷ್ ರಫ್ತಿನ ಬಹುಪಾಲು ಬ್ರಿಟನ್ನಿಗೇ ಹೋಗುತ್ತಿತ್ತು. ಸುಂಕದ ಗೋಡೆಯ ನೆರಳಿನಲ್ಲಿ ಎದ್ದ ಕಾರ್ಖಾನೆಗಳು ಒಳಗಿನ ಸಣ್ಣ ಮಾರುಕಟ್ಟೆಗೆ ಸಾಕಾದವು, ಹೊರಗೆ ಮಾರುವ ಶಕ್ತಿ ಪಡೆಯಲಿಲ್ಲ. ಯುದ್ಧದ ಕಾರಣಕ್ಕೆ ಕಟ್ಟಿದ ಗೋಡೆ ಯುದ್ಧ ಮುಗಿದು ಇಪ್ಪತ್ತು ವರ್ಷ ನಿಂತೇ ಇತ್ತು, ಅಷ್ಟೂ ಕಾಲ ಯುವಜನ ಕೆಲಸಕ್ಕಾಗಿ ದೇಶ ಬಿಡುತ್ತಲೇ ಇದ್ದರು. 1965ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಂದಿಗೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಐರ್ಲೆಂಡಿನ ಪ್ರಧಾನಿಯಾಗಿ ಸಹಿ ಹಾಕಿದವರು, ಆ ಗೋಡೆಯ ಕಲ್ಲು ಜೋಡಿಸಿದ್ದ ಶಾನ್ ಲೆಮಾಸರೇ.

ಬ್ರಿಟನ್ನಿನ ತಪ್ಪು ಇನ್ನೂ ದೊಡ್ಡದು. ಬಾಕಿ ವಸೂಲಿಗೆ ಸುಂಕ ಒಳ್ಳೆಯ ಉಪಾಯವೆಂದು ಅದು ಎಣಿಸಿದ್ದು ಸರಿಯೇ ಆಯಿತು. ನೆರೆಯ ಸರ್ಕಾರವನ್ನು ಬದಲಿಸುವುದಕ್ಕೂ ಅದೇ ಉಪಾಯ ಸಾಕೆಂದು ಎಣಿಸಿದ್ದು ಸುಳ್ಳಾಯಿತು. ಹೊರಗಿನವನು ಹೊಟ್ಟೆಗೆ ಹೊಡೆದಾಗ ಜನ ತಮ್ಮ ನಾಯಕನ ತಪ್ಪುಗಳನ್ನು ಕೆಲಕಾಲ ಬದಿಗಿಟ್ಟು ಅವನ ಬೆನ್ನಿಗೇ ನಿಲ್ಲುತ್ತಾರೆ. ಇದನ್ನು ಬಲ್ಲ ನಾಯಕ ಆ ಏಟನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ನೆರೆಹೊರೆಯ ದೇಶಗಳು ಇಂದೂ ಒಂದರ ಮೇಲೊಂದು ಸುಂಕ ಏರಿಸುತ್ತಿರುವಾಗ ಎರಡೂ ರಾಜಧಾನಿಗಳ ಭಾಷಣಗಳಿಗೆ ಕಿವಿಗೊಡುವ ಮೊದಲು ಗಡಿಯ ಎರಡೂ ಬದಿಯ ಸಂತೆಗಳನ್ನು ನೋಡಬೇಕು. ಸುಂಕದ ಜಗಳವನ್ನು ಹೂಡುವವರು ಒಬ್ಬರು, ಅದರ ಖರ್ಚು ಕೊಡುವವರು ಇನ್ನೊಬ್ಬರು. 1930ರ ದಶಕದ ಐರ್ಲೆಂಡಿನಲ್ಲಿ ಅದನ್ನು ಕೊಟ್ಟವರು ದನ ಸಾಕಿದವರು.